ಹನ್ನೊಂದನೆಯ ವರ್ಣತಂತುವಿನ ಪಾಠಾಂತರ



ಮನುಷ್ಯನ ಒಂದು ವರ್ಣತಂತುವನ್ನು ಅಕ್ಷರ ಅಕ್ಷರವಾಗಿ ಓದುವುದು, ಓದಿದ್ದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸುವುದು ಇಂದಿನ ನನ್ನ ಮಾತಿನ ವಿಷಯ. ಇದು ಪ್ರಯೋಗಶಾಲೆಯ ಸಂಗತಿಯೆಂದು ನಿಮಗೆ ತೋರಬಹುದು. ಆದರೆ ನಾನು ಇದನ್ನು ಬೀದರಿನ ಮೈಲೂರಿನ ಒಂದು ಮನೆಯ ಪಡಸಾಲೆಯಿಂದಲೇ ಆರಂಭಿಸಬೇಕಾಗಿದೆ. ಏಕೆಂದರೆ ಅಲ್ಲಿ ಎದ್ದ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗಲೇ, ಮೂವತ್ತು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಹೇಳಿದ ನನಗೆ ಈ ವಿಷಯದ ನಿಜವಾದ ತೂಕ ತಿಳಿದದ್ದು.

ಮೈಲೂರಿನ ನಮ್ಮ ಓಣಿಯಲ್ಲಿ ಹಿರಿಯರೊಬ್ಬರಿದ್ದಾರೆ. ಹೆಸರು ಬೇಡ. ಗಾಂಧಿ ಗಂಜಿನ ಅಡತಿ ಅಂಗಡಿಯೊಂದರಲ್ಲಿ ನಲವತ್ತು ವರ್ಷ ತೊಗರಿ, ಹೆಸರು, ಉದ್ದಿನ ಚೀಲಗಳ ಲೆಕ್ಕ ಬರೆದವರು. ಅವರ ತಂಗಿಯನ್ನು ಭಾಲ್ಕಿಗೆ ಕೊಟ್ಟಿದೆ. ಆ ತಂಗಿಯ ಹಿರಿಯ ಮಗಳನ್ನೇ ತಮ್ಮ ಹಿರಿಯ ಮಗನಿಗೆ ತಂದುಕೊಂಡರು. ಅವರಿಗೆ ಹುಟ್ಟಿದ ಹೆಣ್ಣು ಕೂಸು ಆರೇಳು ತಿಂಗಳು ದುಂಡಗೆ ಆಡಿಕೊಂಡಿತ್ತು. ಎಂಟನೆಯ ತಿಂಗಳಿಗೆ ಬಿಳಿಚಿಕೊಳ್ಳತೊಡಗಿತು, ಹಾಲು ಕುಡಿಯುವುದಕ್ಕೂ ಆಯಾಸ. ಪರೀಕ್ಷೆಗಳಾದವು. ಥಲಸ್ಸೀಮಿಯಾ ಮೇಜರ್ ಎಂದರು. ಅಂದಿನಿಂದ ಮೂರು ವಾರಕ್ಕೊಮ್ಮೆ ಆ ಮಗುವಿಗೆ ರಕ್ತ ಕೊಡಿಸಬೇಕು.

ಒಂದು ಸಂಜೆ ಅವರು ನನ್ನ ಮುಂದೆ ಕುಳಿತು ಹೇಳಿದರು: "ನಮ್ಮ ಖಾಂದಾನದಾಗ ಇಂಥಾ ಜಡ್ಡು ಯಾರಿಗೂ ಇಲ್ರಿ ಸರ್. ಸೊಸಿ ನಮ್ಮ ತಂಗಿ ಮಗಳೇ ಖರೆ. ಆದ್ರ ಆಕಿ ಅಪ್ಪನ ಕಡಿಂದ ಬಂದದ ಇದು."

ಒಳಗೆ ಅಡುಗೆಮನೆಯ ಬಾಗಿಲಲ್ಲಿ ಆ ಸೊಸೆ ನಿಂತಿದ್ದಳು. ಅವಳಿಗೆ ಈ ಮಾತು ಹೊಸದಲ್ಲವೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಹಿರಿಯರು ಬಂದದ್ದು ಇನ್ನೊಂದು ಮಾತಿಗೆ. ಕಿರಿಯ ಮಗನಿಗೆ ಅದೇ ಭಾಲ್ಕಿಯ ಮನೆಯ ಕಿರಿಯ ಹುಡುಗಿಯನ್ನು ಕೇಳಿಟ್ಟಿದ್ದರು. ಮಾಡಬೇಕೋ ಬಿಡಬೇಕೋ ಎಂಬುದು ಅವರ ಪ್ರಶ್ನೆ. ಉತ್ತರ ಹೇಳುವ ಮೊದಲು ಅವರಿಗೆ ನಾನು ಎರಡು ಸಂಜೆ ಪಾಠ ಹೇಳಬೇಕಾಯಿತು. ಅದನ್ನೇ ಈಗ ನಿಮಗೂ ಹೇಳುತ್ತಿದ್ದೇನೆ.

ನಮ್ಮ ದೇಹದ ಸಾಮಾನ್ಯ ಜೀವಕೋಶದ ಕೇಂದ್ರದಲ್ಲಿ 46 ವರ್ಣತಂತುಗಳಿವೆ. ಈ ಸಂಖ್ಯೆ ಖಚಿತವಾದದ್ದು 1956ರಲ್ಲಿ, ಟ್ಜಿಯೊ ಮತ್ತು ಲೆವಾನ್ ಎಂಬ ಇಬ್ಬರಿಂದ. ಅಲ್ಲಿಯವರೆಗೆ ಮೂರು ದಶಕ ವಿಜ್ಞಾನಿಗಳು 48 ಎಂದೇ ಎಣಿಸುತ್ತಿದ್ದರು. ಕಣ್ಣಿಗೆ ಕಂಡದ್ದನ್ನೂ ಪುಸ್ತಕದಲ್ಲಿ ಓದಿದಂತೆಯೇ ಎಣಿಸುವ ಅಭ್ಯಾಸ ವಿದ್ವಾಂಸರಿಗೂ ಇದೆ. ಈ 46ರಲ್ಲಿ 23 ತಾಯಿಯಿಂದ ಬಂದವು, 23 ತಂದೆಯಿಂದ. ಅಂದರೆ ಪ್ರತಿಯೊಂದೂ ಜೋಡಿ. ಒಂದರಿಂದ ಇಪ್ಪತ್ತೆರಡರವರೆಗೆ ಗಾತ್ರದ ಕ್ರಮದಲ್ಲಿ ಅವುಗಳಿಗೆ ಸಂಖ್ಯೆ ಕೊಟ್ಟಿದ್ದಾರೆ. ಇಪ್ಪತ್ತಮೂರನೆಯ ಜೋಡಿ ಲಿಂಗ ನಿರ್ಧರಿಸುವಂಥದು.

ವರ್ಣತಂತುವಿನಲ್ಲಿ ಇರುವುದು ಡಿಎನ್‌ಎ ಎಂಬ ಬಹಳ ಉದ್ದನೆಯ ಎಳೆ. ಅದರ ಮೇಲಿನ ಬರಹಕ್ಕೆ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ನಮ್ಮ ವರ್ಣಮಾಲೆಯ ಮುಂದೆ ಇದು ಬಡ ಲಿಪಿ. ಆದರೂ ಹಿಮೋಗ್ಲೋಬಿನ್ನಿನಿಂದ ಹಿಡಿದು ಇನ್ಸುಲಿನ್‌ವರೆಗೆ ದೇಹದ ಪ್ರೋಟೀನುಗಳೆಲ್ಲವೂ ಈ ನಾಲ್ಕಕ್ಷರದಲ್ಲೇ ಬರೆದಿವೆ. ಒಂದು ಪ್ರೋಟೀನಿನ ವಿವರ ಇರುವ ಸಾಲನ್ನು ವಂಶವಾಹಿ ಅಥವಾ ಜೀನ್ ಎನ್ನುತ್ತೇವೆ.

ಇಲ್ಲಿ ನಾನು ನಿಮಗೆ ಪರಿಚಿತವಾದ ಒಂದು ಕೆಲಸವನ್ನು ನೆನಪಿಸುತ್ತೇನೆ. ನಮ್ಮ ಬೀದರ ಜಿಲ್ಲೆಯ ಬಸವಕಲ್ಯಾಣ ವಚನಕಾರರ ನೆಲ. ಆ ವಚನಗಳು ನಮ್ಮ ಕೈಗೆ ಬಂದದ್ದು ತಾಳೆಗರಿಗಳಿಂದ. ಫ. ಗು. ಹಳಕಟ್ಟಿಯವರು ಊರೂರು ಅಲೆದು, ಮನೆಮನೆಯ ಗರಿಗಳ ಕಟ್ಟನ್ನು ಬಿಚ್ಚಿಸಿ, ಓದಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಹಸ್ತಪ್ರತಿ ಸಂಪಾದನೆ ಮಾಡುವವರಿಗೆ ಒಂದು ಪ್ರತಿ ಸಾಲದು. ಒಂದೇ ಪ್ರತಿ ಇದ್ದರೆ ಅದರಲ್ಲಿರುವ ತಪ್ಪು ತಪ್ಪೆಂದು ತಿಳಿಯುವುದೇ ಇಲ್ಲ. ಎರಡು, ಮೂರು, ಹತ್ತು ಪ್ರತಿಗಳನ್ನು ಪಕ್ಕಪಕ್ಕದಲ್ಲಿ ಹರಡಿಕೊಂಡಾಗ ಇಲ್ಲಿ ಒಂದು ಅಕ್ಷರ ಬಿಟ್ಟಿದೆ, ಅಲ್ಲಿ ಒಂದು ಸಾಲು ಎರಡು ಸಲ ಬಂದಿದೆ ಎಂದು ಕಾಣುತ್ತದೆ. ಅಡಿಯಲ್ಲಿ ಪಾಠಾಂತರ ಎಂದು ಗುರುತು ಹಾಕುತ್ತಾರೆ. ಒಂದೇ ತಪ್ಪು ಎರಡು ಪ್ರತಿಗಳಲ್ಲಿದ್ದರೆ ಅವೆರಡೂ ಒಂದೇ ಮೂಲದಿಂದ ನಕಲಾದವೆಂದೂ ಗೊತ್ತಾಗುತ್ತದೆ. ವರ್ಣತಂತುವಿನ ಕೆಲಸವೂ ಇದೇ. ಓದುವುದು ಅರ್ಧ ಕೆಲಸ. ಪಕ್ಕದಲ್ಲಿಟ್ಟು ನೋಡುವುದು ಉಳಿದರ್ಧ.

ಓದುವ ಉಪಾಯವನ್ನು 1977ರಲ್ಲಿ ಬ್ರಿಟನ್ನಿನ ಫ್ರೆಡರಿಕ್ ಸ್ಯಾಂಗರ್ ಕಂಡುಹಿಡಿದರು. ಎಳೆಯ ನಕಲು ತೆಗೆಯುತ್ತ ಬೇಕೆಂದೇ ಒಂದೊಂದು ಅಕ್ಷರದಲ್ಲಿ ನಿಲ್ಲಿಸುವುದು, ಹಾಗೆ ನಿಂತ ತುಣುಕುಗಳನ್ನು ಉದ್ದದ ಕ್ರಮದಲ್ಲಿ ಸಾಲಾಗಿಸಿ ಪ್ರತಿಯೊಂದರ ಕೊನೆಯ ಅಕ್ಷರವನ್ನು ಓದುತ್ತ ಹೋಗುವುದು. ಇಷ್ಟೇ ತತ್ತ್ವ. ಇದಕ್ಕಾಗಿ 1980ರಲ್ಲಿ ಅವರಿಗೆ ಎರಡನೆಯ ನೊಬೆಲ್ ಬಂತು. ಈ ತತ್ತ್ವವನ್ನೇ ಯಂತ್ರಕ್ಕೆ ಅಳವಡಿಸಿ 1990ರಲ್ಲಿ ಮಾನವ ಜೀನೋಮ್ ಯೋಜನೆ ಆರಂಭವಾಯಿತು. ಮೊದಲು ಪ್ರಕಟವಾದ ಮಾನವ ವರ್ಣತಂತು 22ನೆಯದು, 1999ರ ಡಿಸೆಂಬರಿನಲ್ಲಿ. ಮರುವರ್ಷ 21ನೆಯದು. ನಮ್ಮ ಇಂದಿನ ಕಥಾನಾಯಕನಾದ 11ನೆಯ ವರ್ಣತಂತುವಿನ ವಿವರವಾದ ಪಾಠ 2006ರಲ್ಲಿ ಬಂತು. ಎಲ್ಲ ವರ್ಣತಂತುಗಳ ಮೂಲೆಮೂಲೆಯನ್ನೂ ಬಿಡದೆ ಓದಿ ಮುಗಿಸಲು 2022-23ರವರೆಗೆ ಕಾಯಬೇಕಾಯಿತು.

ಹನ್ನೊಂದನೆಯದರಲ್ಲಿ ಸುಮಾರು 13 ಕೋಟಿ 40 ಲಕ್ಷ ಅಕ್ಷರಗಳಿವೆ. ಪುಟಕ್ಕೆ ಎರಡು ಸಾವಿರ ಅಕ್ಷರದಂತೆ ಅಚ್ಚು ಹಾಕಿದರೆ ಐನೂರು ಪುಟದ 134 ಸಂಪುಟಗಳಾಗುತ್ತವೆ. ಅದರಲ್ಲಿ ಪ್ರೋಟೀನು ತಯಾರಿಸುವ ವಂಶವಾಹಿಗಳು ಸುಮಾರು ಒಂದೂವರೆ ಸಾವಿರ. ಇನ್ಸುಲಿನ್ನಿನ ವಂಶವಾಹಿ ಇಲ್ಲಿದೆ. ವಾಸನೆ ಹಿಡಿಯುವ ವಂಶವಾಹಿಗಳ ದೊಡ್ಡ ಸಂತೆಯೇ ಇಲ್ಲಿದೆ; ಮನುಷ್ಯನಲ್ಲಿರುವ ಅಂಥವುಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಈ ಒಂದೇ ವರ್ಣತಂತುವಿನ ಮೇಲಿವೆ. ಅವುಗಳಲ್ಲಿ ಬಹಳಷ್ಟು ಕೆಟ್ಟುಹೋಗಿ ಸುಮ್ಮನೆ ಉಳಿದಿರುವಂಥವು. ನಾಯಿಗೆ ಸಿಗುವ ವಾಸನೆ ನಮಗೆ ಸಿಗದಿರಲು ಇದೂ ಒಂದು ಕಾರಣ. ಆದರೆ ನಮಗೆ ಈಗ ಬೇಕಾದದ್ದು ಈ ವರ್ಣತಂತುವಿನ ಮೋಟು ತೋಳಿನ ತುದಿಗೆ ಹತ್ತಿರವಿರುವ ಒಂದು ಚಿಕ್ಕ ಓಣಿ.

ಆ ಓಣಿಯಲ್ಲಿ ಸಾಲಾಗಿ ಐದು ಮನೆ. ಎಪ್ಸಿಲಾನ್, ಅದರ ಪಕ್ಕ ಗಾಮಾ ಎಂಬ ಹೆಸರಿನ ಎರಡು, ಆಮೇಲೆ ಡೆಲ್ಟಾ, ಕೊನೆಗೆ ಬೀಟಾ. ಮಧ್ಯೆ ಒಂದು ಪಾಳುಮನೆಯೂ ಇದೆ: ಹಿಂದೆ ವಂಶವಾಹಿಯಾಗಿದ್ದು ಈಗ ಪ್ರೋಟೀನು ಮಾಡದ ಒಂದು ಸಾಲು. ಇವೆಲ್ಲವೂ ರಕ್ತದ ಕೆಂಪು ವಸ್ತುವಾದ ಹಿಮೋಗ್ಲೋಬಿನ್ನಿನ ಒಂದು ಭಾಗವನ್ನು ತಯಾರಿಸುವ ವಂಶವಾಹಿಗಳು. ಇವುಗಳ ಅಕ್ಷರಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ಅಣ್ಣತಮ್ಮಂದಿರ ಮುಖದಂತೆ ಹೋಲುತ್ತವೆ. ಕೋಟ್ಯಂತರ ವರ್ಷಗಳ ಹಿಂದೆ ಒಂದೇ ಇದ್ದ ವಂಶವಾಹಿ ನಕಲಾಗಿ, ನಕಲಿನ ನಕಲಾಗಿ, ಒಂದೊಂದೂ ಒಂದೊಂದು ಕೆಲಸ ಹಿಡಿದಿದೆ. ಗರ್ಭ ಕಟ್ಟಿದ ಮೊದಲ ವಾರಗಳಲ್ಲಿ ಎಪ್ಸಿಲಾನ್ ಕೆಲಸ ಮಾಡುತ್ತದೆ. ಆಮೇಲೆ ಹುಟ್ಟುವವರೆಗೆ ಗಾಮಾ. ಹುಟ್ಟಿದ ಮೇಲೆ ತಿಂಗಳುಗಳಲ್ಲಿ ಗಾಮಾ ನಿಧಾನಕ್ಕೆ ಬಾಗಿಲು ಹಾಕಿಕೊಳ್ಳುತ್ತದೆ, ಬೀಟಾ ಪೂರ್ತಿಯಾಗಿ ಕೆಲಸಕ್ಕಿಳಿಯುತ್ತದೆ. ಡೆಲ್ಟಾ ಜೀವಮಾನವೆಲ್ಲ ಸ್ವಲ್ಪ ಸ್ವಲ್ಪ ದುಡಿಯುತ್ತದೆ.

ಮೈಲೂರಿನ ಆ ಕೂಸು ಆರೇಳು ತಿಂಗಳು ಚೆನ್ನಾಗಿದ್ದು ಆಮೇಲೆ ಬಿಳಿಚಿಕೊಂಡದ್ದು ಏಕೆಂದು ಈಗ ನಿಮಗೆ ಹೊಳೆದಿರಬೇಕು. ಗಾಮಾ ದುಡಿಯುವವರೆಗೆ ಮಗುವಿಗೆ ತೊಂದರೆ ಇರಲಿಲ್ಲ. ಬೀಟಾದ ಸರದಿ ಬಂದಾಗ ಅದರ ಎರಡೂ ಪ್ರತಿಗಳು ಕೆಟ್ಟಿದ್ದವು. ಯಾರದೋ ದೃಷ್ಟಿ ತಗುಲಿತೆಂದು ಆ ಮನೆಯಲ್ಲಿ ನಿವಾಳಿಸಿ ಹಾಕಿದ್ದರು. ತಾಯಿಯ ಹಾಲು ಆಗಿಬರಲಿಲ್ಲವೆಂದೂ ಯಾರೋ ಅಂದಿದ್ದರು.

ಬೀಟಾ ವಂಶವಾಹಿ ಸುಮಾರು 1600 ಅಕ್ಷರ ಉದ್ದ. ನಮ್ಮ 134 ಸಂಪುಟಗಳಲ್ಲಿ ಒಂದು ಪುಟಕ್ಕೂ ಕಡಿಮೆ. ಅದರಲ್ಲಿ ಅರ್ಥವಿರುವ ಭಾಗಗಳು ಮೂರು. ನಡುವೆ ಎರಡು ಬಿಡುವುಗಳು. ಜೀವಕೋಶ ಇಡೀ ಸಾಲನ್ನು ನಕಲು ಮಾಡಿಕೊಂಡು, ನಡುವಿನ ಬಿಡುವುಗಳನ್ನು ಕತ್ತರಿಸಿ ತೆಗೆದು, ಮೂರು ತುಂಡುಗಳನ್ನು ಹೊಲಿದುಕೊಳ್ಳುತ್ತದೆ. ಎಲ್ಲಿ ಕತ್ತರಿ ಹಾಕಬೇಕೆಂಬುದಕ್ಕೆ ಬಿಡುವಿನ ಆರಂಭದಲ್ಲೇ ಗುರುತು ಇರುತ್ತದೆ. ಭಾರತದಲ್ಲಿ ಬೀಟಾ ಥಲಸ್ಸೀಮಿಯಾಕ್ಕೆ ಅತಿ ಸಾಮಾನ್ಯ ಕಾರಣವೇನು ಗೊತ್ತೇ? ಮೊದಲ ಬಿಡುವಿನ ಐದನೆಯ ಅಕ್ಷರ. ಅಲ್ಲಿ ಜಿ ಇರಬೇಕಾದಲ್ಲಿ ಸಿ ಬಂದಿದೆ. ಗುರುತು ಕೆಟ್ಟಿತು, ಕತ್ತರಿ ತಪ್ಪಿತು, ಹೊಲಿಗೆ ಹಾಳಾಯಿತು. ಹದಿಮೂರು ಕೋಟಿ ಅಕ್ಷರಗಳಲ್ಲಿ ಒಂದೇ ಒಂದು. ತಂತಿಯಲ್ಲಿ 'ಹಣ ಕಳಿಸಿ' ಎಂದು ಬರೆಯುವ ಬದಲು 'ಹೆಣ ಕಳಿಸಿ' ಎಂದಾದರೆ ಮನೆಯಲ್ಲಿ ಏನಾಗುತ್ತದೋ ಹಾಗೆ. ಸಿಂಧ್ ಮತ್ತು ಗುಜರಾತ್ ಮೂಲದವರಲ್ಲಿ ಬೇರೆ ತಪ್ಪು ಹೆಚ್ಚು: ಅಲ್ಲಿ ಬೀಟಾದ ಕೊನೆಯ ಕಡೆಯಿಂದ 619 ಅಕ್ಷರಗಳೇ ಕಳಚಿಹೋಗಿವೆ. ಜಗತ್ತಿನಲ್ಲಿ ಇಂಥ ತಪ್ಪುಗಳು ಮುನ್ನೂರಕ್ಕೂ ಹೆಚ್ಚು ಗೊತ್ತಾಗಿವೆ. ಆದರೆ ನಮ್ಮ ದೇಶದ ಹೆಚ್ಚಿನ ರೋಗಿಗಳಲ್ಲಿ ಕಾಣುವುದು ಬೆರಳೆಣಿಕೆಯ ಐದಾರು ಮಾತ್ರ. ಹೋಲಿಸಿ ನೋಡಿದ್ದರಿಂದಲೇ ಇದು ತಿಳಿದದ್ದು. ಯಾವ ತಪ್ಪನ್ನು ಮೊದಲು ಹುಡುಕಬೇಕೆಂಬುದು ಪ್ರಯೋಗಶಾಲೆಗೆ ಗೊತ್ತಿರುವುದೂ ಇದರಿಂದಲೇ.

ಹೋಲಿಕೆಯ ಬೆಲೆ ತಿಳಿಯಲು ಇದೇ ಬೀಟಾದ ಇನ್ನೊಂದು ಪಾಠಾಂತರವನ್ನು ನೋಡಿ. ಆರನೆಯ ಅಮೈನೋ ಆಮ್ಲದ ಜಾಗದಲ್ಲಿ ಜಿಎಜಿ ಎಂದಿರಬೇಕಾದದ್ದು ಜಿಟಿಜಿ ಎಂದಾದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಇದೇ ಕುಡುಗೋಲು ಕಣ ರಕ್ತಹೀನತೆ, ಸಿಕಲ್ ಸೆಲ್. 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ಎಂಬವರು ನೀಲಗಿರಿಯಲ್ಲಿ ಇದನ್ನು ಕಂಡು ಭಾರತದಲ್ಲಿ ಇದರ ಇರುವನ್ನು ತಿಳಿಸಿದರು. ನಮ್ಮ ರಾಜ್ಯದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ, ಮೈಸೂರು-ಕೊಡಗು ಕಾಡಂಚಿನ ಜೇನುಕುರುಬರಲ್ಲಿ, ಯರವರಲ್ಲಿ ಇದು ಕಂಡಿದೆ. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಬೆಟ್ಟದಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರಲ್ಲಿ ಈ ರೋಗವನ್ನು ಹುಡುಕಿ ಆರೈಕೆ ಮಾಡುವ ಕೆಲಸ ಹಿಡಿಯಿತು. ಕೇಂದ್ರ ಸರ್ಕಾರದ ರಾಷ್ಟ್ರೀಯ ಅಭಿಯಾನ ಶುರುವಾದದ್ದು 2023ರ ಜುಲೈಯಲ್ಲಿ.

ಈಗ ಹೋಲಿಕೆ. ಆಫ್ರಿಕದ ರೋಗಿಯಲ್ಲೂ ಭಾರತದ ರೋಗಿಯಲ್ಲೂ ಕೆಟ್ಟಿರುವ ಅಕ್ಷರ ಒಂದೇ. ಆದರೂ ಎಷ್ಟೋ ಸಲ ನಮ್ಮವರಲ್ಲಿ ರೋಗ ಸ್ವಲ್ಪ ಸೌಮ್ಯ. ಏಕೆ? ಕೆಟ್ಟ ಅಕ್ಷರವನ್ನು ಬಿಟ್ಟು ಅದರ ಅಕ್ಕಪಕ್ಕದ ಸಾಲನ್ನು ಹೋಲಿಸಿ ನೋಡಿದರು. ಭಾರತ ಮತ್ತು ಅರೇಬಿಯದ ಪೂರ್ವಭಾಗದ ರೋಗಿಗಳಲ್ಲಿ ಸುತ್ತಲಿನ ಪಾಠ ಬೇರೆಯಾಗಿತ್ತು. ಗಾಮಾ ಮನೆಯ ಹೊಸ್ತಿಲ ಬಳಿ ಒಂದು ಸಣ್ಣ ಬದಲಾವಣೆ ಇತ್ತು. ಇಂಥವರಲ್ಲಿ ಗಾಮಾ ಪೂರ್ತಿ ಬಾಗಿಲು ಹಾಕುವುದಿಲ್ಲ. ದೊಡ್ಡವರಾದ ಮೇಲೂ ಅಷ್ಟಿಷ್ಟು ದುಡಿದು ಕುಡುಗೋಲನ್ನು ಮೊಂಡು ಮಾಡುತ್ತದೆ. ಮುಚ್ಚಿದ ಗಾಮಾವನ್ನು ಮತ್ತೆ ತೆರೆಸಿದರೆ ಹೇಗೆ ಎಂಬ ಯೋಚನೆ ಬಲಗೊಂಡದ್ದು ಇಂಥ ರೋಗಿಗಳನ್ನು ನೋಡಿಯೇ. ಆ ಯೋಚನೆಯ ಮೇಲೆ ನಿಂತ ಜೀನ್ ತಿದ್ದುವ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ ಮೊದಲು ಒಪ್ಪಿಗೆ ಕೊಟ್ಟಿತು, ಸಿಕಲ್ ಸೆಲ್‌ಗೂ ಥಲಸ್ಸೀಮಿಯಾಕ್ಕೂ. ಅಮೆರಿಕದಲ್ಲಿ ಅದಕ್ಕೆ ಘೋಷಿಸಿದ ಬೆಲೆ 22 ಲಕ್ಷ ಡಾಲರು. ಗಾಂಧಿ ಗಂಜಿನ ಗುಮಾಸ್ತರ ಮುಂದೆ ಈ ಸಂಖ್ಯೆಯನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಆ ಮಗುವಿಗೆ ಇರುವ ದಾರಿ ರಕ್ತ, ರಕ್ತದಿಂದ ದೇಹದಲ್ಲಿ ಕೂಡಿಕೊಳ್ಳುವ ಕಬ್ಬಿಣವನ್ನು ಹೊರಹಾಕುವ ಮಾತ್ರೆ, ಹೊಂದುವ ಒಡಹುಟ್ಟಿದವರಿದ್ದರೆ ಅಸ್ಥಿಮಜ್ಜೆಯ ಕಸಿ. ಒಬ್ಬ ಒಡಹುಟ್ಟಿದವರು ಹೊಂದುವ ಸಂಭವ ನಾಲ್ಕರಲ್ಲಿ ಒಂದು.

ಈ ಕೆಟ್ಟ ಅಕ್ಷರಗಳು ಇಷ್ಟು ಕಾಲ ಅಳಿಯದೆ ಏಕೆ ಉಳಿದವು ಎಂದು ನೀವು ಕೇಳಬಹುದು. ಜೆ.ಬಿ.ಎಸ್. ಹಾಲ್ಡೇನ್ 1949ರಲ್ಲೇ ಒಂದು ಊಹೆ ಮಾಡಿದ್ದರು. ಈ ಮಹಾಶಯರು ಆಮೇಲೆ ಭಾರತಕ್ಕೇ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಒಂದು ಪ್ರತಿ ಮಾತ್ರ ಕೆಟ್ಟಿರುವವರಿಗೆ ಮಲೇರಿಯಾ ಅಷ್ಟಾಗಿ ಕಾಡುವುದಿಲ್ಲ, ಆದ್ದರಿಂದ ಅವರು ಉಳಿದುಕೊಂಡರು, ಜೊತೆಗೆ ಆ ಅಕ್ಷರವೂ ಉಳಿಯಿತು ಎಂಬುದೇ ಆ ಊಹೆ. ಸಿಕಲ್ ಸೆಲ್ ವಿಷಯದಲ್ಲಿ 1954ರಲ್ಲಿ ಅಲಿಸನ್ ಇದಕ್ಕೆ ಆಧಾರ ತೋರಿಸಿದರು. ಅಂದರೆ ನಮ್ಮ ಪೂರ್ವಿಕರನ್ನು ಚಳಿಜ್ವರದಿಂದ ಕಾಪಾಡಿದ ಅಕ್ಷರವೇ ಇಂದು ಮೊಮ್ಮಕ್ಕಳಿಗೆ ಮುಳುವಾಗುತ್ತಿದೆ. ಇದರಲ್ಲಿ ಯಾವ ಮನೆತನದ ಕಳಂಕವೂ ಇಲ್ಲ.

'ಒಂದು ಪ್ರತಿ ಮಾತ್ರ ಕೆಟ್ಟಿರುವವರು' ಎಂದೆನಲ್ಲ, ಅವರನ್ನು ವಾಹಕರೆನ್ನುತ್ತಾರೆ. ಭಾರತದಲ್ಲಿ ನೂರಕ್ಕೆ ಮೂರ್ನಾಲ್ಕು ಮಂದಿ ಬೀಟಾ ಥಲಸ್ಸೀಮಿಯಾದ ವಾಹಕರು. ಇನ್ನೊಂದು ಒಳ್ಳೆಯ ಪ್ರತಿ ಇರುವುದರಿಂದ ಅವರು ರೋಗಿಗಳಲ್ಲ. ದುಡಿಯುತ್ತಾರೆ, ಹೆರುತ್ತಾರೆ, ಮುಪ್ಪಿನವರೆಗೆ ಬದುಕುತ್ತಾರೆ. ರಕ್ತಕಣಗಳು ಸ್ವಲ್ಪ ಚಿಕ್ಕವು, ಅಷ್ಟೇ. ಅದನ್ನು ನೋಡಿ ಕಬ್ಬಿಣದ ಕೊರತೆ ಎಂದುಕೊಂಡು ವರ್ಷಗಟ್ಟಲೆ ಕಬ್ಬಿಣದ ಗುಳಿಗೆ ನುಂಗಿದವರು ಬೇಕಾದಷ್ಟಿದ್ದಾರೆ. ಇಬ್ಬರು ವಾಹಕರು ಮದುವೆಯಾದರೆ ಮಾತ್ರ, ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಸಂಭವದಂತೆ ಮಗುವಿಗೆ ಎರಡೂ ಕೆಟ್ಟ ಪ್ರತಿಗಳು ಹೋಗುತ್ತವೆ. ಒಂದು ತಂದೆಯದು, ಒಂದು ತಾಯಿಯದು.

ಈ ಕೊನೆಯ ವಾಕ್ಯವನ್ನು ನಾನು ಆ ಹಿರಿಯರಿಗೆ ಎರಡು ಸಲ ಹೇಳಿದೆ. ಥಲಸ್ಸೀಮಿಯಾ ಮೇಜರ್ ಇರುವ ಮಗು ಇದ್ದರೆ ಸಾಮಾನ್ಯವಾಗಿ ತಾಯಿಯೂ ವಾಹಕಿ, ತಂದೆಯೂ ವಾಹಕ. ಸಮಪಾಲು. ಸೊಸೆಯ ಕಡೆಯಿಂದ ಬಂದದ್ದು ಅರ್ಧ. ಇನ್ನರ್ಧ ನಿಮ್ಮ ಮಗನಿಂದ ಬಂದದ್ದು, ನಿಮ್ಮ ಮಗನಿಗೆ ನಿಮ್ಮಿಬ್ಬರಲ್ಲಿ ಒಬ್ಬರಿಂದ ಬಂದದ್ದು. ಅವರು ಸುಮ್ಮನೆ ತಲೆ ಆಡಿಸಿದರು. ಒಪ್ಪಿ ಆಡಿಸಿದ ತಲೆಯಲ್ಲ ಅದು.

ಹತ್ತಿರದ ನೆಂಟಸ್ತಿಕೆಯ ಮದುವೆಯ ಮಾತು ಇಲ್ಲಿ ಬರುತ್ತದೆ. ನಮ್ಮಲ್ಲಿ ಸೋದರಮಾವನಿಗೆ ಅಕ್ಕನ ಮಗಳು, ಅತ್ತೆಯ ಮಗಳು, ಮಾವನ ಮಗಳು ಎಂದು ಹುಟ್ಟಿದಾಗಲೇ ಮಾತಾಗುವುದುಂಟು. ಕರ್ನಾಟಕದಲ್ಲಿ ಇಂದಿಗೂ ನಾಲ್ಕರಲ್ಲಿ ಒಂದು ಮದುವೆಯಾದರೂ ರಕ್ತಸಂಬಂಧದೊಳಗಿನದು. ಇದನ್ನು ಪಾಪವೆಂದು ನಾನು ಹೇಳಲಾರೆ. ಇಂಥ ಮದುವೆಗಳಲ್ಲಿ ಹುಟ್ಟುವ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಲೆಕ್ಕ ನೋಡಿ. ಒಬ್ಬ ವಾಹಕನಿಗೆ ಹೊರಗಿನ ಹುಡುಗಿಯೊಬ್ಬಳನ್ನು ತಂದರೆ ಅವಳೂ ವಾಹಕಿಯಾಗಿರುವ ಸಂಭವ ನೂರಕ್ಕೆ ಮೂರೋ ನಾಲ್ಕೋ. ಅವನ ಸ್ವಂತ ಅಕ್ಕನ ಮಗಳನ್ನೇ ತಂದರೆ ನೂರಕ್ಕೆ ಇಪ್ಪತ್ತೈದು. ಅಜ್ಜ-ಅಜ್ಜಿಯ ಒಂದೇ ತಾಳೆಗರಿಯ ತಪ್ಪು ಎರಡು ಕೈಗಳಿಂದ ನಕಲಾಗಿ ಒಂದೇ ಮಗುವಿನಲ್ಲಿ ಸೇರುತ್ತದೆ.

ಜಾತಿಯೊಳಗಿನ ಮದುವೆಯೂ ಇದರ ದೊಡ್ಡ ರೂಪವೇ. ಹೈದರಾಬಾದಿನ ಕೋಶೀಯ ಮತ್ತು ಅಣುಜೀವಶಾಸ್ತ್ರ ಕೇಂದ್ರದ ತಂಗರಾಜ್ ಮತ್ತು ಸಂಗಡಿಗರು 2017ರಲ್ಲಿ ದಕ್ಷಿಣ ಏಷ್ಯದ 260ಕ್ಕೂ ಹೆಚ್ಚು ಸಮುದಾಯಗಳನ್ನು ಹೋಲಿಸಿ ಒಂದು ಲೇಖನ ಪ್ರಕಟಿಸಿದರು. ಅವುಗಳಲ್ಲಿ 81 ಸಮುದಾಯಗಳು ಬಹಳ ಹಿಂದೆ ಕೆಲವೇ ಪೂರ್ವಿಕರಿಂದ ಬೆಳೆದು ಒಳಗೊಳಗೇ ಮದುವೆಯಾಗುತ್ತ ಬಂದವು ಎಂದು ಕಂಡಿತು. ನಮ್ಮ ಭಾಗದಲ್ಲೂ ಇರುವ ವೈಶ್ಯ ಸಮುದಾಯ ಅವುಗಳಲ್ಲೊಂದು. ಅವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯ ವೇಳೆ ಕೊಡುವ ಒಂದು ಸ್ನಾಯು ಸಡಿಲಿಸುವ ಮದ್ದು ನಿಮಿಷಗಳಲ್ಲಿ ಇಳಿಯುವ ಬದಲು ಗಂಟೆಗಟ್ಟಲೆ ಇಳಿಯುವುದಿಲ್ಲ, ಉಸಿರೇ ನಿಲ್ಲುವ ಭಯ. ಕಾರಣ ಮೂರನೆಯ ವರ್ಣತಂತುವಿನ ಒಂದು ಅಕ್ಷರ. ನಿತ್ಯ ಜೀವನದಲ್ಲಿ ಅದರಿಂದ ಏನೂ ಬಾಧೆಯಿಲ್ಲ. ಅರಿವಳಿಕೆ ಕೊಡುವ ವೈದ್ಯರಿಗೆ ಮೊದಲೇ ಗೊತ್ತಿದ್ದರೆ ಬೇರೆ ಮದ್ದು ಕೊಡುತ್ತಾರೆ, ಮುಗಿಯಿತು. ಈ ಸಮುದಾಯದ ಹೆಸರು ಹೇಳಿದ್ದು ಅವರನ್ನು ಹೋಲಿಸಿ ನೋಡಿದ್ದಾರೆಂಬ ಕಾರಣಕ್ಕೆ ಮಾತ್ರ. ಪ್ರತಿ ಜಾತಿಗೂ, ಪ್ರತಿ ಊರಿಗೂ ಅದರದೇ ಪಾಠಾಂತರಗಳಿರುತ್ತವೆ.

ನಾವು ಇಷ್ಟು ಕಾಲ ಯಾವ ಪ್ರತಿಯನ್ನು ಮೂಲವೆಂದು ಮುಂದಿಟ್ಟುಕೊಂಡು ಹೋಲಿಸುತ್ತಿದ್ದೆವೆಂಬುದನ್ನೂ ಹೇಳಬೇಕು. ಜೀನೋಮ್ ಯೋಜನೆಯ ಪಾಠದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಭಾಗ ಅಮೆರಿಕದ ಬಫಲೊ ನಗರದಲ್ಲಿ ರಕ್ತ ಕೊಟ್ಟ, ಹೆಸರು ಗುಟ್ಟಾಗಿಟ್ಟ ಒಬ್ಬ ವ್ಯಕ್ತಿಯದು. ಔರಾದದ ರೈತನ ವರ್ಣತಂತುವನ್ನು ಬಫಲೊದವನ ಪಕ್ಕದಲ್ಲಿಟ್ಟರೆ ಎಷ್ಟೋ ವ್ಯತ್ಯಾಸ ಕಾಣುತ್ತದೆ. ಯಾವುದು ರೋಗ, ಯಾವುದು ಬರೀ ನಮ್ಮ ಕಡೆಯ ಕಾಗುಣಿತ ಎಂದು ಹೇಗೆ ತಿಳಿಯುವುದು? ಇದಕ್ಕೇ 2020ರಲ್ಲಿ ಜೀನೋಮ್ ಇಂಡಿಯಾ ಯೋಜನೆ ಶುರುವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರ ಇದರ ಮುಂದಾಳು. ಅದೂ ಸೇರಿ ದೇಶದ ಇಪ್ಪತ್ತು ಸಂಸ್ಥೆಗಳು ಕೂಡಿದವು. ಎಂಬತ್ತಕ್ಕೂ ಹೆಚ್ಚು ಸಮುದಾಯಗಳ ಸುಮಾರು ಹತ್ತು ಸಾವಿರ ಮಂದಿಯ ಪೂರ್ತಿ ಪಾಠ ಓದಿ, 2025ರ ಜನವರಿಯಲ್ಲಿ ಅದನ್ನು ಸಂಶೋಧಕರಿಗೆ ತೆರೆದಿಟ್ಟರು. ನೂರ ನಲವತ್ತು ಕೋಟಿ ಜನರಿಗೆ ಹತ್ತು ಸಾವಿರ ಬಹಳ ಕಡಿಮೆ. ಆದರೂ ಹಳಕಟ್ಟಿಯವರು ಬಿಚ್ಚಿದ ಮೊದಲ ಗರಿಕಟ್ಟಿನಂತೆ ಇದೊಂದು ಆರಂಭವೆಂದು ನನಗೆ ಅನಿಸುತ್ತದೆ.

ಇನ್ನು ಭಾಲ್ಕಿಯ ಹುಡುಗಿಯ ಪ್ರಶ್ನೆ. ಹಿರಿಯ ಮಗ ವಾಹಕನಾದ್ದರಿಂದ ಕಿರಿಯ ಮಗ ವಾಹಕನಾಗಿರುವ ಸಂಭವ ಅರ್ಧ. ಹಿರಿಯ ಸೊಸೆ ವಾಹಕಿಯಾದ್ದರಿಂದ ಅವಳ ತಂಗಿಯದೂ ಅರ್ಧ. ಇಬ್ಬರೂ ವಾಹಕರಾಗಿರುವ ಸಂಭವ ನಾಲ್ಕರಲ್ಲಿ ಒಂದು. ಇದನ್ನು ಊಹೆಗೆ ಬಿಡಬೇಕಾಗಿಲ್ಲ. ಇಡೀ ವರ್ಣತಂತುವನ್ನು ಓದಿಸುವ ಖರ್ಚೂ ಬೇಡ. ಸಾಮಾನ್ಯ ರಕ್ತ ಎಣಿಕೆಯಲ್ಲಿ ಕಣದ ಗಾತ್ರ ನೋಡುತ್ತಾರೆ. ಆಮೇಲೆ ಎಚ್‌ಪಿಎಲ್‌ಸಿ ಎಂಬ ಯಂತ್ರದಲ್ಲಿ ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುತ್ತಾರೆ. ನಮ್ಮ ಓಣಿಯ ನಾಲ್ಕನೆಯ ಮನೆಯ ಡೆಲ್ಟಾ ನೆನಪಿದೆಯಲ್ಲ? ಬೀಟಾದ ಒಂದು ಪ್ರತಿ ಕೆಟ್ಟಾಗ ಡೆಲ್ಟಾದ ಪಾಲು ಏರುತ್ತದೆ. ಎ2 ಎಂದು ವರದಿಯಲ್ಲಿ ಬರೆದಿರುವುದು ಅದನ್ನೇ. ಸಾಮಾನ್ಯರಲ್ಲಿ ನೂರಕ್ಕೆ ಎರಡರಿಂದ ಮೂರು. ವಾಹಕರಲ್ಲಿ ಮೂರೂವರೆಗಿಂತ ಹೆಚ್ಚು. ಕಬ್ಬಿಣದ ತೀವ್ರ ಕೊರತೆಯಿದ್ದರೆ ಈ ಅಂಕೆ ಸ್ವಲ್ಪ ತಗ್ಗಿ ಮೋಸ ಮಾಡಬಹುದು, ಆದ್ದರಿಂದ ವೈದ್ಯರೇ ನೋಡಿ ಹೇಳಬೇಕು. ಸಂಶಯ ಬಂದಾಗ ಡಿಎನ್‌ಎ ಪರೀಕ್ಷೆ. ಮದುವೆಗೆ ಮುಂಚೆ ಮಾಡಿಸಿದರೆ ಒಳ್ಳೆಯದು. ಮದುವೆ ಆಗಿಹೋಗಿದ್ದರೆ ಬಸಿರಿನ ಮೊದಲ ವಾರಗಳಲ್ಲೇ ಮಾಡಿಸಬೇಕು. ಇಬ್ಬರೂ ವಾಹಕರೆಂದಾದರೆ ಹತ್ತು-ಹನ್ನೆರಡನೆಯ ವಾರದಲ್ಲಿ ಕೂಸಿನ ಸ್ಥಿತಿಯನ್ನು ತಿಳಿಯುವ ಪರೀಕ್ಷೆಯಿದೆ.

"ಹುಡುಗೀದು ಒಂದೇ ನೋಡಸ್ತೀನ್ರಿ" ಎಂದರು ಹಿರಿಯರು.

ಹಾಗಾಗದು, ಹುಡುಗನದೂ ಆಗಬೇಕು ಎಂದೆ. ಅವರ ಹೆಂಡತಿ ಔರಾದ ಕಡೆಯವರು, ಅಷ್ಟು ಹೊತ್ತೂ ಕಂಬಕ್ಕೆ ಒರಗಿ ಕೂತಿದ್ದವರು, ಆಗ ಬಾಯಿ ಬಿಟ್ಟರು: "ಹುಡುಗಂದೂ ಮಾಡಸ್ರಿ, ನಂದೂ ಮಾಡಸ್ರಿ, ನಿಮ್ದೂ ಮಾಡಸ್ರಿ. ಎಲ್ಲಾರದೂ ಒಂದೇ ಸಲಕ್ಕ ಗೊತ್ತಾಗಲಿ."

ಹತ್ತು ದಿನದ ಮೇಲೆ ವರದಿಗಳು ಬಂದವು. ನನ್ನ ಕೈಗೇ ಕೊಟ್ಟು ಓದಲು ಹೇಳಿದರು. ಕಿರಿಯ ಮಗನ ಎ2 2.6, ರಕ್ತಕಣಗಳ ಗಾತ್ರವೂ ಸರಿ, ವಾಹಕನಲ್ಲ. ಭಾಲ್ಕಿಯ ಹುಡುಗಿಯದು 5.2, ವಾಹಕಿ. ಅಂದರೆ ಅವರಿಬ್ಬರು ಮದುವೆಯಾದರೆ ಮಕ್ಕಳಲ್ಲಿ ಕೆಲವರು ವಾಹಕರಾಗಬಹುದೇ ಹೊರತು ಈ ರೋಗ ಬರುವುದಿಲ್ಲ. ಮನೆಯೊಡತಿಯದು 2.5. ನಾಲ್ಕನೆಯ ಕಾಗದ ಹಿರಿಯರದು. 4.9.

ನಾನು ಅಂಕೆಯನ್ನು ಓದಿ ಸುಮ್ಮನಾದೆ. ಅವರು ಕನ್ನಡಕ ಹಾಕಿಕೊಂಡು ಕಾಗದವನ್ನು ತಾವೇ ನೋಡಿದರು. ನಲವತ್ತು ವರ್ಷ ಅಂಕೆಗಳೊಂದಿಗೇ ಬದುಕಿದವರು, ಮತ್ತೆ ವಿವರಿಸಬೇಕಾಗಲಿಲ್ಲ. ಅವರ ತಂದೆಯಿಂದಲೋ ತಾಯಿಯಿಂದಲೋ ಅವರಿಗೆ ಬಂದ ಅಕ್ಷರವೇ ಬಹುಶಃ ತಂಗಿಯ ಜೊತೆ ಭಾಲ್ಕಿಗೂ ಹೋಗಿ, ಸೊಸೆಯ ಜೊತೆ ಮತ್ತೆ ಮೈಲೂರಿಗೆ ಬಂದಿತ್ತು. ಅರವತ್ತೆಂಟು ವರ್ಷ ಒಂದು ದಿನವೂ ಅವರಿಗೆ ಅದರಿಂದ ತಲೆನೋವು ಕೂಡ ಬಂದದ್ದಿಲ್ಲ.

ಆ ಗುರುವಾರ ಮೊಮ್ಮಗಳಿಗೆ ರಕ್ತ ಕೊಡಿಸುವ ಸರದಿ. ಅಲ್ಲಿಯವರೆಗೆ ಸೊಸೆ ಒಬ್ಬಳೇ ಮಗುವನ್ನು ಎತ್ತಿಕೊಂಡು ಆಟೋ ಹಿಡಿದು ಹೋಗುತ್ತಿದ್ದಳು. ಅಂದು ಬೆಳಿಗ್ಗೆ ಮೈಲೂರ ಕ್ರಾಸಿನಲ್ಲಿ ನನಗೆ ಎದುರಾದಾಗ ಮಗು ಹಿರಿಯರ ಹೆಗಲ ಮೇಲಿತ್ತು. ಸೊಸೆ ಚೀಲ ಹಿಡಿದು ಹಿಂದೆ ಬರುತ್ತಿದ್ದಳು.